ಮಲ್ಪೆಯಿಂದ ಮಣಿಪಾಲಕ್ಕೆ ವರ್ಷವಿಡೀ ಸೈಕಲ್: ಯಾವುದು ತಗೊಳ್ಳುವುದು?

ಕಡಲಬದಿ

ಮಲ್ಪೆಯಿಂದ ಮಣಿಪಾಲಕ್ಕೆ ದಿನಾ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿಬರುವ ಯೋಚನೆ ಉಂಟು. ಒಂದು ಕಡೆಗೆ 11 ಕಿ.ಮೀ. ಆಸುಪಾಸು. ಕಲ್ಮಾಡಿ, ಆದಿಉಡುಪಿ, ಕಲ್ಸಂಕ, ಕಡಿಯಾಳಿ ದಾಟಿ ಇಂದ್ರಾಳಿಯವರೆಗೆ ಅಂಥ ಕಷ್ಟ ಇಲ್ಲ. ರೈಲ್ವೆ ಸೇತುವೆ ಕಳೆದ ಮೇಲೆ ಟೈಗರ್ ಸರ್ಕಲ್‌ವರೆಗೆ ಏರು. ಬೇಸಿಗೆಗೆ ಮಾತ್ರ ಅಲ್ಲ, ಆಟಿ ತಿಂಗಳ ಮಳೆಯಲ್ಲೂ ಹೋಗಬೇಕು.

ನನ್ನ ತೂಕ 78 ಕೆಜಿ, ಎತ್ತರ 170 ಸೆಂ.ಮೀ., ಲ್ಯಾಪ್‌ಟಾಪ್ ಮತ್ತು ಬದಲಿ ಬಟ್ಟೆಯ ಚೀಲ 6 ಕೆಜಿ. ಬಜೆಟ್ 30,000 ರೂ. ಒಳಗೆ. ರಾತ್ರಿ ಸೈಕಲ್ ನಿಲ್ಲುವುದು ಮಾಡಿನ ಅಡಿಯಲ್ಲೇ, ಆದರೆ ಕಡಲ ಗಾಳಿ ನೇರ ಬಡಿಯುತ್ತದೆ.

ಅಂಗಡಿಯಲ್ಲಿ ಮೂರು ಬಗೆ ತೋರಿಸಿದ್ದಾರೆ. ಮುಂದೆ ಸಸ್ಪೆನ್ಶನ್ ಇರುವ 21 ಗೇರಿನ ಎಂಟಿಬಿ (ಮೌಂಟನ್ ಬೈಕ್). ಸಸ್ಪೆನ್ಶನ್ ಇಲ್ಲದ 700 ಇಂಟು 38 ಟೈರಿನ ಹೈಬ್ರಿಡ್, ಇದರಲ್ಲಿ ವಿ-ಬ್ರೇಕ್ (ರಬ್ಬರ್ ರಿಮ್ಮನ್ನು ಒತ್ತುವುದು) ಮತ್ತು ಡಿಸ್ಕ್ (ಪ್ಯಾಡ್ ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವುದು) ಎರಡೂ ಸಿಗುತ್ತವೆ. ಮೂರನೆಯದು ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲ ಇರುವ ಹಳೇ ಮಾದರಿಯ ಕಪ್ಪು ಸೈಕಲ್. ಮೂರರಲ್ಲಿ ಯಾವುದು? ಬ್ರೇಕ್ ಯಾವುದು? ತುಕ್ಕಿಗೆ ಎಂತ ಮಾಡುವುದು?

ಹಲ್ಲುಚಕ್ರ

ಹೈಬ್ರಿಡ್. ಬರೀ ಅಭಿರುಚಿಯ ಮಾತಲ್ಲ, ನಿಮ್ಮ ಏರಿನ ಲೆಕ್ಕ ಹಾಕಿದರೆ ಉತ್ತರ ತಾನಾಗಿ ಬರುತ್ತದೆ.

ನೀವು, ಚೀಲ, ಸೈಕಲ್ ಸೇರಿ 100 ಕೆಜಿ ಅಂತಿಟ್ಟುಕೊಳ್ಳಿ. ಶೇ. 6ರ ಏರಿನಲ್ಲಿ ಗುರುತ್ವದ ಎಳೆತವೇ ಸುಮಾರು 59 ನ್ಯೂಟನ್, ಒದ್ದೆ ರಸ್ತೆಯಲ್ಲಿ ಟೈರಿನ ಉರುಳು ತಡೆ ಇನ್ನೊಂದು 8. ಒಟ್ಟು 67. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು 150 ವಾಟ್ ಬೇಕು. ಸಾಮಾನ್ಯ ಆರೋಗ್ಯದ ಮನುಷ್ಯ ಹದಿನೈದು ನಿಮಿಷ ಕೊಡಬಹುದಾದ ಶಕ್ತಿಯೇ ಅದು. ಆದರೆ ಆ ಶಕ್ತಿ ಕಾಲಿನಿಂದ ಹೇಗೆ ಹೊರಡುತ್ತದೆ ಅನ್ನುವುದನ್ನು ಗೇರ್ ನಿರ್ಧರಿಸುತ್ತದೆ.

ಕಪ್ಪು ಸೈಕಲ್‌ನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 5.45 ಮೀಟರ್ ಓಡುತ್ತದೆ. 8 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 24 ಸುತ್ತು ಮಾತ್ರ, ಪ್ರತಿ ತುಳಿತಕ್ಕೆ ಸರಾಸರಿ 35 ಕಿಲೋ ಭಾರ. ಪೆಡಲ್ ಮೇಲೆ ಮತ್ತು ಕೆಳಗೆ ಬಂದಾಗ ಬಲ ಬೀಳುವುದಿಲ್ಲವಾದ್ದರಿಂದ ನಡುವೆ ಅದರ ಒಂದೂವರೆ ಪಟ್ಟು ಬೀಳಬೇಕು. ಮೊದಲು ಸೋಲುವುದು ಮಂಡಿ. ಅದೇ ಏರನ್ನು ಮುಂದೆ 38, ಹಿಂದೆ 34 ಹಲ್ಲಿನಲ್ಲಿ ಹತ್ತಿದರೆ ಒಂದು ಸುತ್ತಿಗೆ 2.44 ಮೀಟರ್, ನಿಮಿಷಕ್ಕೆ 55 ಸುತ್ತು, ತುಳಿತಕ್ಕೆ ಸರಾಸರಿ 15-16 ಕಿಲೋ. ಇಷ್ಟಾದರೆ ಆಫೀಸಿಗೆ ಹೋಗಿ ಕೆಲಸ ಮಾಡಬಹುದು.

ಹಾಗಾಗಿ "ಎಷ್ಟು ಗೇರ್?" ಅಂತ ಕೇಳಬೇಡಿ. ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲು ಎಷ್ಟು, ಹಿಂದಿನ ಅತಿ ದೊಡ್ಡದರ ಹಲ್ಲು ಎಷ್ಟು ಅಂತ ಕೇಳಿ. ಭಾಗಿಸಿದರೆ 1.0 ರಿಂದ 1.2ರ ಒಳಗೆ ಬರಬೇಕು. ಮುಂದೆ ಒಂದೇ ಚಕ್ರ, ಹಿಂದೆ 7 ಅಥವಾ 8 ಇದ್ದರೆ ಇನ್ನೂ ಒಳ್ಳೆಯದು. ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇರುವ ಜಾಗಕ್ಕೇ ಹಿಂದಿನ ಚಕ್ರದ ಕೆಸರು ಬಂದು ಬಡಿಯುತ್ತದೆ. ಅದರ ಸಣ್ಣ ಕೀಲುಗಳಲ್ಲಿ ಮುರಕಲ್ಲಿನ ಕೆಂಪು ಮಣ್ಣು ಸೇರಿ ಒಣಗಿದರೆ ಸ್ಪ್ರಿಂಗ್ ಸೋಲುತ್ತದೆ, ಗೇರ್ ಕೆಳಗಿಳಿಯುವುದಿಲ್ಲ. ಮುಂದೆ 38 ಒಂದೇ ಇದ್ದು ಹಿಂದೆ 14 ಹಲ್ಲಿಗೆ ಹಾಕಿದರೂ ನಿಮಿಷಕ್ಕೆ 80 ಸುತ್ತಿನಲ್ಲಿ 28 ಕಿ.ಮೀ. ವೇಗ ಸಿಗುತ್ತದೆ. ಆದಿಉಡುಪಿಯ ಸಪಾಟು ರಸ್ತೆಗೆ ಅಷ್ಟು ಧಾರಾಳ.

ಎಂಟಿಬಿ ಬೇಡ ಅನ್ನಲು ಕಾರಣ ಮುಂದಿನ ಸಸ್ಪೆನ್ಶನ್. ಈ ಬೆಲೆಯಲ್ಲಿ ಸಿಗುವುದು ಉಕ್ಕಿನ ಸ್ಪ್ರಿಂಗಿನ ಫೋರ್ಕ್, ತೂಕ ಎರಡೂವರೆ ಕೆಜಿ ಮೇಲೆ. ಅದರ ರಬ್ಬರ್ ಸೀಲ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಹೋದ ನೀರು ಹೊರಗೆ ಬರದೆ ಕೊಳವೆಗಳಲ್ಲಿ ತುಕ್ಕು ಕಟ್ಟುತ್ತದೆ, ಆಮೇಲೆ ಅದು ಅಲುಗಾಡದ ಭಾರದ ಫೋರ್ಕ್ ಅಷ್ಟೇ. ಪೂರ್ತಿ ಉದ್ದದ ಮಡ್‌ಗಾರ್ಡ್ ಕೂಡ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಗುಂಡಿಯ ಪೆಟ್ಟನ್ನು 38-40 ಮಿ.ಮೀ. ಅಗಲದ ಟೈರೇ ನುಂಗಲಿ. ನಿಮ್ಮ ತೂಕಕ್ಕೆ ಮುಂದೆ 45, ಹಿಂದೆ 55 ಪಿಎಸ್‌ಐ ಗಾಳಿಯಿಂದ ಶುರು ಮಾಡಿ. ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಒತ್ತಡಕ್ಕೆ ತುಂಬಿಸುವುದು ಬೇಡ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆ. ಹಿಂದಿನ ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ಅತಿ ಚಿಕ್ಕ ಚಕ್ರದ ನಡುವೆ ಉಪಕರಣ ಹಾಕಲು ಇರುವ ಕಚ್ಚುಗಳೂ ಜೊತೆಗೆ ತಿರುಗಿದರೆ ಕ್ಯಾಸೆಟ್. ಅವು ನಿಂತಿದ್ದು ಚಕ್ರ ಮಾತ್ರ ತಿರುಗಿದರೆ ಫ್ರೀವೀಲ್. ಫ್ರೀವೀಲ್ ಹಬ್ಬಿನಲ್ಲಿ (ಹಬ್ ಅಂದರೆ ಚಕ್ರದ ನಡುವಿನ ಗುಂಬ) ಬಲಬದಿಯ ಬೇರಿಂಗ್ ಒಳಕ್ಕಿರುತ್ತದೆ, ಅದರಾಚೆ ಆಕ್ಸಲ್ಲಿನ ಉದ್ದ ಭಾಗ ಆಧಾರವಿಲ್ಲದೆ ನಿಂತಿರುತ್ತದೆ. 100 ಕೆಜಿ ಭಾರ ಗುಂಡಿಗೆ ಬಿದ್ದಾಗ ಬಗ್ಗುವುದು ಅಥವಾ ಮುರಿಯುವುದು ಅಲ್ಲೇ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಫ್ರೇಮಿನ ಹತ್ತಿರಕ್ಕೆ ಬರುತ್ತದೆ. ಒಂದೆರಡು ಸಾವಿರ ಹೆಚ್ಚಾದರೂ ಕ್ಯಾಸೆಟ್ ಇರುವುದನ್ನೇ ಆರಿಸಿ.

ರಾಡ್‌ಬ್ರೇಕ್

ಕಪ್ಪು ಸೈಕಲನ್ನು ಅಷ್ಟು ಸುಲಭಕ್ಕೆ ತೆಗೆದುಹಾಕಬೇಡಿ. ಮೂರರಲ್ಲಿ ಮಳೆಗೆ ಅಂತಲೇ ಕಟ್ಟಿದ್ದು ಅದೊಂದೇ. ಚೈನ್ ಪೂರ್ತಿ ಡಬ್ಬಿಯೊಳಗೆ, ಹಾಗಾಗಿ ಎಣ್ಣೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಗಲದ ಮಡ್‌ಗಾರ್ಡ್ ಹುಟ್ಟಿನಿಂದಲೇ ಬಂದಿದೆ. ಕ್ಯಾರಿಯರ್ ಮೇಲೆ ಐವತ್ತು ಕಿಲೋ ಅಕ್ಕಿಮೂಟೆ ಹೇರಿದರೂ ಜಗ್ಗದು. ಬಾಲ್ಸ್, ಕೋನ್, ಕಾಟರ್ ಪಿನ್ ಯಾವ ಊರಿನ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ. ಕೇಳಿದವರು ಆದಿಉಡುಪಿವರೆಗೆ ಮಾತ್ರ ಹೋಗುವವರಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಗೇರ್ 2.0ಕ್ಕೆ ಇಳಿಯುತ್ತದೆ, ಏರು ಕೂಡ ಸ್ವಲ್ಪ ಹಗುರ.

ಇಳಿಜಾರು

ಹತ್ತುವುದರ ಬಗ್ಗೆ ಇಬ್ಬರೂ ಹೇಳಿದಿರಿ, ಇಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಕಪ್ಪು ಸೈಕಲ್‌ಗೆ ನನ್ನ ಆಕ್ಷೇಪ ಇರುವುದೇ ಅಲ್ಲಿ. ಸಂಜೆ ಮಳೆಯಲ್ಲಿ ಮಣಿಪಾಲದಿಂದ ಇಂದ್ರಾಳಿಗೆ ಇಳಿಯಬೇಕು, ಜೊತೆಗೆ ಬಸ್ಸುಗಳು.

ಕ್ರೋಮ್ ಹಾಕಿದ ಉಕ್ಕಿನ ರಿಮ್ ಒದ್ದೆಯಾದಾಗ ರಬ್ಬರ್ ಕಟ್ಟೆ ಅದರ ಮೇಲೆ ಜಾರುತ್ತದೆ. ಬ್ರೇಕಿನ ಹಿಡಿತ ಒಟ್ಟು ಭಾರದ ಹತ್ತನೇ ಒಂದು ಭಾಗಕ್ಕೆ ಇಳಿದಿದೆ ಅಂತಿಟ್ಟುಕೊಂಡು ಲೆಕ್ಕ ಹಾಕಿ. ಶೇ. 6ರ ಇಳಿಜಾರೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಿಂದುಬಿಡುತ್ತದೆ, ಸೈಕಲ್ ನಿಲ್ಲಿಸಲು ಉಳಿಯುವುದು ಶೇ. 4 ಮಾತ್ರ. 30 ಕಿ.ಮೀ. ವೇಗದಿಂದ ನಿಲ್ಲಲು 88 ಮೀಟರ್ ಬೇಕು. ಅದೇ ಜಾಗದಲ್ಲಿ ಶೇ. 40ರ ಹಿಡಿತ ಕೊಡುವ ಬ್ರೇಕ್ ಇದ್ದರೆ 10-11 ಮೀಟರ್. ಕೈ ಅಲುಗುವ ಮೊದಲು ಹೋಗುವ ದೂರ ಇವೆರಡಕ್ಕೂ ಸೇರಿಲ್ಲ. ಸಪಾಟು ಊರಿಗೆ ಸರಿ, ಈ ದಾರಿಗೆ ಆ ಸೈಕಲ್ ಬೇಡವೇ ಬೇಡ.

ಅಲ್ಯುಮಿನಿಯಂ ರಿಮ್ಮಿನ ವಿ-ಬ್ರೇಕ್ ಒದ್ದೆಯಲ್ಲೂ ಹಿಡಿಯುತ್ತದೆ, ಆದರೆ ಮೊದಲ ಒಂದೆರಡು ಸುತ್ತು ನೀರು ಒರೆಸಲು ಹೋಗುತ್ತದೆ. ನಮ್ಮ ಕಡೆ ಇದಕ್ಕೆ ದೊಡ್ಡ ಶತ್ರು ಮುರಕಲ್ಲಿನ ಹುಡಿ. ಅದು ರಬ್ಬರಿನಲ್ಲಿ ಕೂತು ಉಪ್ಪುಕಾಗದದ ಹಾಗೆ ರಿಮ್ಮಿನ ಗೋಡೆಯನ್ನು ಉಜ್ಜುತ್ತದೆ. ರಿಮ್ಮಿನ ಬದಿಗೆ ಸ್ಕೇಲ್ ಇಟ್ಟು ನೋಡಿದಾಗ ನಡುವೆ ಬೆಳಕು ಕಂಡರೆ ಗೋಡೆ ತೆಳುವಾಗಿದೆ ಅಂತ ಅರ್ಥ. ಒಂದು ಮಿ.ಮೀ.ಗಿಂತ ತೆಳುವಾದ ಗೋಡೆ ಟೈರಿನ ಒತ್ತಡಕ್ಕೆ ಬಾಯಿಬಿಟ್ಟು ಒಡೆಯಬಹುದು, ಇಡೀ ರಿಮ್ ಬದಲಿಸಬೇಕು. ಡಿಸ್ಕಿನಲ್ಲಿ ಸವೆಯುವುದು ಪ್ಯಾಡ್ ಮತ್ತು ರೋಟರ್ (ಅದು ಹಿಡಿಯುವ ತಟ್ಟೆ) ಮಾತ್ರ, ಚಕ್ರ ಉಳಿಯುತ್ತದೆ. ನಾನು ಡಿಸ್ಕ್ ಅನ್ನಲು ಮುಖ್ಯ ಕಾರಣ ಇದು.

ಕೇಬಲ್ ಡಿಸ್ಕೋ ಹೈಡ್ರಾಲಿಕ್ಕೋ? ಬಜೆಟ್ ಸಾಲುವುದಾದರೆ ಹೈಡ್ರಾಲಿಕ್. ಎಣ್ಣೆಯ ಕೊಳವೆ ಮುಚ್ಚಿರುವುದರಿಂದ ನೀರು ಹೋಗದು, ಪ್ಯಾಡ್ ಸವೆದಂತೆ ತಾನೇ ಹೊಂದಿಕೊಳ್ಳುತ್ತದೆ. ಶಿಮಾನೊ ಬ್ರೇಕಿಗೆ ಮಿನರಲ್ ಎಣ್ಣೆ ಮಾತ್ರ ಹಾಕಬೇಕು. ಬೈಕಿನ ಬ್ರೇಕ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತದೆ, ಮೋಟರ್‌ಸೈಕಲ್ ಮೆಕ್ಯಾನಿಕ್ ಕೈಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಕೇಬಲ್ ಡಿಸ್ಕ್ ತಗೊಂಡರೆ ಹೆಚ್ಚಿನವುಗಳಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ. ಇನ್ನೊಂದು ಬದಿಯದನ್ನು ಹಿಂದಿನ ಸ್ಕ್ರೂ ತಿರುಗಿಸಿ ರೋಟರಿಗೆ ತಾಗೀತು ತಾಗದು ಅನ್ನುವಷ್ಟು ಹತ್ತಿರ ತರಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಕೆಲಸ ಉಂಟು. ಮಾಡದಿದ್ದರೆ ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಬರುತ್ತದೆ.

ರೆಸಿನ್ ಪ್ಯಾಡ್ ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಮಣ್ಣುನೀರಿನಲ್ಲಿ ಬೇಗ ಕರಗುತ್ತದೆ. ಲೋಹದ ಪ್ಯಾಡ್ ಬಾಳುತ್ತದೆ, ಕಿರುಚುತ್ತದೆ. ಬದಲಿಸುವ ಮೊದಲು ರೋಟರಿನ ಮೇಲಿನ ಬರಹ ಓದಿ. ಅಗ್ಗದ ರೋಟರುಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಅಚ್ಚಾಗಿರುತ್ತದೆ, ಅಂಥದಕ್ಕೆ ಲೋಹದ ಪ್ಯಾಡ್ ಹಾಕಿದರೆ ರೋಟರನ್ನೇ ತಿನ್ನುತ್ತದೆ. ಶಿಮಾನೊ ರೋಟರ್ ಹೊಸದಿರುವಾಗ 1.8 ಮಿ.ಮೀ., 1.5ಕ್ಕೆ ಬಂದರೆ ತೆಗೆಯಿರಿ. ಪ್ಯಾಡಿನ ಮಸಾಲೆ (ಉಜ್ಜುವ ಪದರ) ಅರ್ಧ ಮಿ.ಮೀ. ಉಳಿದರೆ ಮುಗಿಯಿತು. ಮಳೆಗಾಲಕ್ಕೆ ಒಂದು ಜೊತೆ ಪ್ಯಾಡ್ ಮನೆಯಲ್ಲಿ ಇಟ್ಟುಕೊಳ್ಳಿ.

ಚೈನಿಗೆ ಎಣ್ಣೆ ಸ್ಪ್ರೇ ಹೊಡೆಯುವಾಗ ಒಂದು ಹನಿ ರೋಟರಿಗೆ ಸಿಡಿದರೂ ಬ್ರೇಕ್ ಹೋಯಿತು. ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಎಷ್ಟು ಒರೆಸಿದರೂ ಹಿಡಿತ ಪೂರ್ತಿ ಬರುವುದಿಲ್ಲ. ಸ್ಪ್ರೇ ಬೇಡ, ಹನಿ ಬಾಟಲಿ ಸಾಕು. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ.

ಗ್ರೀಸ್‌ಕೈ

ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಮಲ್ಪೆಯಲ್ಲಿ ಸೈಕಲ್ ತಿನ್ನುವುದು ಮಳೆಗಿಂತ ಹೆಚ್ಚಾಗಿ ಉಪ್ಪು. ಮಳೆ ಉಪ್ಪನ್ನು ತೊಳೆಯುತ್ತದೆ. ನವೆಂಬರ್‌ನಿಂದ ಮೇವರೆಗೆ ತೊಳೆಯುವವರು ಯಾರೂ ಇಲ್ಲ. ಹಾಗಾಗಿ ಒಣ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಒಂದು ಬಕೆಟ್ ಸಿಹಿನೀರು, ಒಂದು ಬಟ್ಟೆ. ಬೈಕ್ ವಾಟರ್ ಸರ್ವಿಸಿಗೆ ಮಾತ್ರ ಕೊಂಡುಹೋಗಬೇಡಿ. ಆ ಒತ್ತಡದ ನೀರು ಹಬ್ಬಿನ ಸೀಲ್ ದಾಟಿ ಒಳಗಿನ ಗ್ರೀಸನ್ನು ತೊಳೆದು ಹಾಕುತ್ತದೆ.

ಫ್ರೇಮ್ ಅಲ್ಯುಮಿನಿಯಂ ಇದ್ದರೆ ಕೊಳವೆಗೆ ತುಕ್ಕಿನ ಭಯ ಇಲ್ಲ. ಭಯ ಇರುವುದು ಎರಡು ಲೋಹ ಸೇರುವಲ್ಲಿ. ಉಕ್ಕಿನ ಸೀಟ್ ಕಂಬ ಅಲ್ಯುಮಿನಿಯಂ ಫ್ರೇಮಿನೊಳಗೆ ಉಪ್ಪುನೀರಿನ ಜೊತೆ ಕೂತರೆ ಒಂದು ವರ್ಷದಲ್ಲಿ ಬೆಸುಗೆ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಹೊರಗೆಳೆದು, ಒರೆಸಿ, ಗ್ರೀಸ್ ಸವರಿ ಹಾಕಿ. ಸೀಟಿನ ಎತ್ತರಕ್ಕೆ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಮತ್ತೆ ಅಳೆಯುವ ಕೆಲಸ ಇಲ್ಲ. ಪೆಡಲಿನ ಮರೆಗೂ (ಸ್ಕ್ರೂ ಸುತ್ತುಗಳಿಗೂ) ಗ್ರೀಸ್ ಬೇಕು. ಎಡ ಪೆಡಲಿನ ಮರೆ ಉಲ್ಟಾ ಅನ್ನುವುದು ನೆನಪಿರಲಿ.

ಉಕ್ಕಿನ ಫ್ರೇಮ್ ಆದರೆ ಕೆಳಗೆ ಬಿಬಿ ಡಬ್ಬಿಯ (ಪೆಡಲ್ ಆಕ್ಸಲ್ ಕೂರುವ ಜಾಗ) ಅಡಿಯಲ್ಲಿ ನೀರು ಹೋಗುವ ತೂತು ಉಂಟಾ ನೋಡಿ. ಸೀಟ್ ಕಂಬದ ಬದಿಯಿಂದ ಇಳಿಯುವ ನೀರು ಬಂದು ನಿಲ್ಲುವುದು ಅಲ್ಲೇ. ದೊಡ್ಡ ಮಳೆಯ ನಂತರ ಕಂಬ ತೆಗೆದು ಸೈಕಲ್ ತಲೆಕೆಳಗೆ ಮಾಡಿದರೆ ಎಷ್ಟು ನೀರು ಬರುತ್ತದೆ ಅಂತ ಗೊತ್ತಾಗುತ್ತದೆ.

ಕೊಳ್ಳುವಾಗ ಅಂಗಡಿಯವರಿಗೆ ಒಂದು ಗಂಟೆ ಹೆಚ್ಚಿಗೆ ಕೆಲಸ ಕೊಡಿ. ಪೆಟ್ಟಿಗೆಯಿಂದ ಬರುವ ಸೈಕಲ್ಲಿನ ಹಬ್ಬು, ಹೆಡ್‌ಸೆಟ್ಟಿನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ) ಗ್ರೀಸ್ ಹೆಸರಿಗೆ ಮಾತ್ರ ಇರುವುದು ಉಂಟು. ಬಿಚ್ಚಿಸಿ, ತುಂಬಿಸಿ. ಸಾಮಾನ್ಯ ಕಪ್-ಕೋನ್ ಹಬ್ ಆದರೆ ಹಿಂದೆ ಕಾಲು ಇಂಚಿನ ಬಾಲ್ಸ್ ಬದಿಗೆ 9, ಮುಂದೆ 3/16 ಇಂಚಿನದು ಬದಿಗೆ 10. ಗ್ರೀಸ್ ನಿಮ್ಮೂರಲ್ಲೇ ಸಿಗುತ್ತದೆ: ಬಂದರಿನ ಬದಿಯ ಬೋಟ್ ಸಾಮಾನಿನ ಅಂಗಡಿಯಲ್ಲಿ ನೀರಿಗೆ ಕರಗದ ಮೆರೈನ್ ಗ್ರೀಸ್ ಕೇಳಿ. ಮಡ್‌ಗಾರ್ಡ್, ಕ್ಯಾರಿಯರ್ ಬೋಲ್ಟುಗಳು 5 ಮಿ.ಮೀ. ಗಾತ್ರದವು, ಅವನ್ನೂ ಅಲ್ಲೇ 316 ಸ್ಟೇನ್‌ಲೆಸ್‌ನಲ್ಲಿ ತಂದು ಬದಲಿಸಿಕೊಳ್ಳಿ. ಚಕ್ರದ ಕಡ್ಡಿಗಳು ಮಾಸಲು ಬೂದು ಬಣ್ಣದವಾದರೆ ಸತು ಲೇಪದ್ದು, ಕಡಲ ಬದಿಯಲ್ಲಿ ಬೇಗ ಬಿಳಿ ಹುಡಿ ಬರುತ್ತದೆ, ಆಮೇಲೆ ಕೆಂಪು. ಹೊಳೆಯುವ ಸ್ಟೇನ್‌ಲೆಸ್ ಕಡ್ಡಿ ಕೇಳಿ.

ಚೈನ್: ಮಳೆಯಲ್ಲಿ ಬಂದ ರಾತ್ರಿ ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ರೋಲರಿಗೆ ಒಂದು ಹನಿ ವೆಟ್ ಲ್ಯೂಬ್ (ಮಳೆಗೆ ಅಂತ ಬರುವ ಚೈನ್ ಎಣ್ಣೆ), ಬೆಳಿಗ್ಗೆ ಹೊರಗಿನದನ್ನು ಮತ್ತೆ ಒರೆಸಿ. ಹೊರಗೆ ಉಳಿದ ಎಣ್ಣೆ ಮಾಡುವುದು ಹುಡಿ ಹಿಡಿಯುವ ಕೆಲಸ ಮಾತ್ರ. ಬೈಕಿನ ಹಳೇ ಎಂಜಿನ್ ಆಯಿಲ್ ಹಾಕುವ ರೂಢಿ ನಮ್ಮಲ್ಲಿ ಉಂಟು, ಬಿಟ್ಟುಬಿಡಿ. ಅದರಲ್ಲಿ ಲೋಹದ ಹುಡಿ, ಮಸಿ ಎಲ್ಲ ಇರುತ್ತದೆ. ಸವೆತ ಅಳೆಯಲು ಉಕ್ಕಿನ ಸ್ಕೇಲ್ ಸಾಕು. 24 ಕೊಂಡಿಗಳ ಉದ್ದ ಹೊಸದರಲ್ಲಿ 304.8 ಮಿ.ಮೀ., 307 ದಾಟಿದರೆ ಬದಲಿಸಿ. 308ರವರೆಗೆ ಎಳೆದರೆ ಕ್ಯಾಸೆಟ್ಟೂ ಅದಕ್ಕೆ ಹೊಂದಿ ಸವೆದಿರುತ್ತದೆ, ಹೊಸ ಚೈನ್ ಅದರ ಮೇಲೆ ಹಾರುತ್ತದೆ.

ಕಡಲಬದಿ

ಎಲ್ಲರಿಗೂ ಧನ್ಯವಾದ. ಡಿಸ್ಕ್ ಇರುವ ಹೈಬ್ರಿಡ್ ಅಂತ ಹೆಚ್ಚುಕಡಿಮೆ ತೀರ್ಮಾನ ಆಯಿತು. ಇನ್ನು ಎರಡು ಪ್ರಶ್ನೆ. ಗೇರ್ ಹಬ್ಬಿನೊಳಗೇ ಇರುವ ಸೈಕಲ್ ಮಳೆಗೆ ಒಳ್ಳೆಯದು ಅನ್ನುತ್ತಾರಲ್ಲ, ಅದು ಆಗುತ್ತದಾ? ಮಡ್‌ಗಾರ್ಡ್, ಲೈಟ್ ಯಾವುದು ಹಾಕುವುದು? ಅಂಗಡಿಯವರು ಹಿಂದಕ್ಕೆ ಕ್ಲಿಪ್ ಮಾಡುವ ಸಣ್ಣ ಪ್ಲಾಸ್ಟಿಕ್ ಮಡ್‌ಗಾರ್ಡ್ ಉಚಿತ ಕೊಡುತ್ತೇನೆ ಅನ್ನುತ್ತಾರೆ.

ಹಲ್ಲುಚಕ್ರ

ಹಬ್ ಗೇರ್ ಮಳೆಗೆ ನಿಜಕ್ಕೂ ಒಳ್ಳೆಯದು. ಶಿಮಾನೊ ನೆಕ್ಸಸ್ 3 ಗೇರಿನ ಹಬ್ಬಿನ ಅನುಪಾತ 0.73, 1, 1.36. ಮುಂದೆ 38, ಹಿಂದೆ 21 ಹಾಕಿದರೆ ಕೆಳಗಿನ ಗೇರ್ 1.33 ಬರುತ್ತದೆ, ನಿಮ್ಮ ಏರಿಗೆ ನಿಮಿಷಕ್ಕೆ 46 ಸುತ್ತು. ಆಗುತ್ತದೆ. ಆದರೆ ಅಂಥ ಸೈಕಲ್ ಇಲ್ಲಿ ಸಿದ್ಧ ಸಿಗುವುದು ಅಪರೂಪ. ಒಳಗಿನ ಭಾಗ ಕೆಟ್ಟರೆ ತರಿಸಬೇಕು, ಬಿಚ್ಚಲು ಗೊತ್ತಿರುವವರೂ ಬೇಕು. ಹಬ್ ಮಾತ್ರ ತಂದು ಹೈಬ್ರಿಡ್‌ಗೆ ಹಾಕಿಸುತ್ತೇನೆ ಅಂದರೆ, ಆಕ್ಸಲ್ ನೇರ ಕೆಳಗಿನಿಂದ ಕೂರುವ ಫ್ರೇಮಿನಲ್ಲಿ ಚೈನ್ ಬಿಗಿ ಮಾಡಲು ಜಾಗ ಇರುವುದಿಲ್ಲ, ಟೆನ್ಷನರ್ ಬೇಕಾಗುತ್ತದೆ. 30,000ದಲ್ಲಿ 8 ಗೇರಿನ ಕ್ಯಾಸೆಟ್ ಮೇಲು, ಅದರ ಚೈನ್ ಉಡುಪಿಯಲ್ಲೇ ಸಿಗುತ್ತದೆ.

ಬೆಲೆ ಮಾತಾಡುವಾಗ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೇ ಪಟ್ಟಿ ತೋರಿಸಿದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟು ಅಂತ ನೋಡಿ. ಉಳಿದ ಹಣಕ್ಕೆ ಮಡ್‌ಗಾರ್ಡ್ ಬರುತ್ತದೆ.

ಇಳಿಜಾರು

ಉಚಿತದ ಕ್ಲಿಪ್ ಮಡ್‌ಗಾರ್ಡ್ ಬೇಡ. ಅದು ಬೆನ್ನಿಗೆ ಹಾರುವ ಕೆಸರನ್ನು ಸ್ವಲ್ಪ ತಡೆಯುತ್ತದೆ ಅಷ್ಟೇ. ಮುಂದಿನ ಚಕ್ರದಿಂದ ಪಾದಕ್ಕೆ, ಚೈನಿಗೆ, ಬಿಬಿಗೆ ಬಡಿಯುವ ನೀರೇ ಹೆಚ್ಚು ಹಾಳು ಮಾಡುವುದು. 38ರ ಟೈರಿಗೆ 48-50 ಮಿ.ಮೀ. ಅಗಲದ, ಚಕ್ರದ ಮೇಲೆ ಪೂರ್ತಿ ಉದ್ದಕ್ಕೆ ಬರುವ ಮಡ್‌ಗಾರ್ಡ್ ಹಾಕಿಸಿ. ಟೈರಿಗೂ ಅದಕ್ಕೂ ನಡುವೆ ಕನಿಷ್ಠ 10 ಮಿ.ಮೀ. ಬಿಡಿ, ಇಲ್ಲದಿದ್ದರೆ ಕೆಂಪು ಕೆಸರು ಕಟ್ಟಿ ಚಕ್ರ ನಿಲ್ಲುತ್ತದೆ. ಮುಂದಿನದರ ತುದಿಗೆ ಹಳೇ ಟ್ಯೂಬಿನ ತುಂಡು ಕತ್ತರಿಸಿ ನೆಲದಿಂದ ಒಂದು ಗೇಣು ಮೇಲಿರುವಷ್ಟು ಇಳಿಬಿಡಿ. ಪಾದ ಒಣಗಿ ಉಳಿಯುವುದು ಅದರಿಂದ.

ಇದಕ್ಕೆಲ್ಲ ಫ್ರೇಮಿನಲ್ಲಿ ಬೋಲ್ಟ್ ತೂತು ಬೇಕು. ಹಿಂದಿನ ಆಕ್ಸಲ್ ಹತ್ತಿರ ಎರಡೂ ಬದಿಯಲ್ಲಿ ಎರಡೆರಡು ಇದ್ದರೆ ಒಂದು ಕ್ಯಾರಿಯರಿಗೆ, ಒಂದು ಮಡ್‌ಗಾರ್ಡಿಗೆ. ಫೋರ್ಕಿನಲ್ಲೂ ಒಂದೊಂದು. ಹಿಂದಿನ ಡಿಸ್ಕ್ ಕ್ಯಾಲಿಪರ್ ಹೊರಗೆ ಚಾಚಿದ್ದರೆ ಕ್ಯಾರಿಯರ್ ಕಾಲು ತಾಗುತ್ತದೆ, ಡಿಸ್ಕಿಗಾಗಿ ಅಂತ ಮಾಡಿದ ಕ್ಯಾರಿಯರ್ ಬೇರೆ ಬರುತ್ತದೆ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹಾಕಿ ನೋಡಿ.

ಲೈಟಿಗೆ ಐಪಿಎಕ್ಸ್4 ಅಂದರೆ ಸಿಡಿಯುವ ನೀರಿಗೆ ಮಾತ್ರ, ಆಟಿಗೆ ಸಾಲದು; ಐಪಿಎಕ್ಸ್6 ನೋಡಿ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ ಸಡಿಲವಾದರೆ ಆ ಗುರುತಿಗೆ ಅರ್ಥವಿಲ್ಲ. ಹಿಂದಿನ ಕೆಂಪು ದೀಪ ಹಗಲು ಮಳೆಯಲ್ಲೂ ಉರಿಯಲಿ, ಕ್ಯಾರಿಯರ್ ಹಿಂದೆ ಕೂರಿಸಿ. ಸೀಟಿನ ಕೆಳಗೆ ಹಾಕಿದರೆ ರೈನ್‌ಕೋಟ್ ಅಂಚು ಮುಚ್ಚುತ್ತದೆ. ರಸ್ತೆಬದಿಯ ಇಂಟರ್‌ಲಾಕ್ ಮೇಲೆ ಜುಲೈ ಹೊತ್ತಿಗೆ ಪಾಚಿ ಕಟ್ಟಿರುತ್ತದೆ. ಬಸ್ಸಿಗೆ ದಾರಿ ಬಿಡಲು ಅದರ ಮೇಲೆ ಇಳಿಯುವಾಗ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ಹೋಗಿ.

ಗ್ರೀಸ್‌ಕೈ

ಟ್ಯೂಬ್ ತಗೊಳ್ಳುವಾಗ ವಾಲ್ವ್ ನೋಡಿ. ಬೈಕಿನ ಹಾಗಿರುವ ದಪ್ಪ ಶ್ರೇಡರ್ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಬಹುದು. ತೆಳು ಪ್ರೆಸ್ಟಾ ಆದರೆ ಹಿತ್ತಾಳೆಯ ಅಡಾಪ್ಟರ್ ಒಂದು ಚೀಲದಲ್ಲಿರಲಿ. ಟೈರಿನ ಬದಿಯಲ್ಲಿ 37-622 ಅಥವಾ 40-622 ಅಂತ ಇರುತ್ತದೆ (ಟೈರಿನ ಅಗಲ, ರಿಮ್ಮಿನ ವ್ಯಾಸ, ಎರಡೂ ಮಿ.ಮೀ.ಗಳಲ್ಲಿ), ಬರೆದಿಟ್ಟುಕೊಳ್ಳಿ. 28 ಇಂಚು ಅಂತ ಮಾತ್ರ ಹೇಳಿದರೆ ಅಂಗಡಿಯವರು ಕಪ್ಪು ಸೈಕಲ್ಲಿನ 635ರ ಟೈರ್ ಕಟ್ಟಿ ಕೊಟ್ಟಾರು, ಅದು ನಿಮ್ಮ ರಿಮ್ಮಿಗೆ ಸಡಿಲ. ಮೊದಲ 150 ಕಿ.ಮೀ. ಆದ ಮೇಲೆ ಕಡ್ಡಿಗಳನ್ನೂ ಕ್ರ್ಯಾಂಕ್ (ಪೆಡಲಿನ ತೋಳು) ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿಸಿ. ಚೌಕ ಆಕ್ಸಲ್ಲಿನ ಕ್ರ್ಯಾಂಕ್ ಸಡಿಲ ಇದ್ದಾಗಲೇ ಏರು ತುಳಿದರೆ ಅಲ್ಯುಮಿನಿಯಂ ತೂತು ದುಂಡಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.